ಐದೂವರೆಯ ಅಳು

ನನ್ನ ಬಲಗೈಗೆ ಒಂದು ಚಾಳಿಯಿದೆ. ಎಲ್ಲೇ ಆಗಲಿ, ಹಸುಗೂಸು ಅತ್ತ ಸದ್ದು ಕಿವಿಗೆ ಬಿದ್ದರೆ ಸಾಕು, ಅದು ನನ್ನನ್ನು ಕೇಳದೆಯೇ ಹತ್ತಿರ ಸಿಕ್ಕಿದ್ದನ್ನು ತಟ್ಟತೊಡಗುತ್ತದೆ. ಕಳೆದ ವಾರ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಒಂದು ಕೂಸು ರಾಗ ತೆಗೆಯಿತು. ನಾನು ತೊಡೆಯ ಮೇಲಿದ್ದ ಊಟದ ಬ್ಯಾಗನ್ನು ತಟ್ಟತೊಡಗಿದೆ. ಮೂರು ಸಲ ಹಗುರವಾಗಿ, ಒಂದು ಸಲ ಕೊಂಚ ಒತ್ತಿ. ಬ್ಯಾಗಿನೊಳಗೆ ಖಾಲಿ ಡಬ್ಬಿ, ಡಬ್ಬಿಯೊಳಗೆ ಒಂದು ಚಮಚ. ತಾಳಕ್ಕೆ ಸರಿಯಾಗಿ ಅದು ಟಣಗುಟ್ಟುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಯಜಮಾನರು ಎರಡು ಸ್ಟಾಪಿನವರೆಗೆ ಸಹಿಸಿಕೊಂಡರು. ಆಮೇಲೆ ನನ್ನ ಕಡೆ ಬಾಗಿ, "ಸಾರ್, ಡಬ್ಬಿ ಮಲಗಿರಬಹುದು, ಬಿಡಿ" ಎಂದರು.

ನಗಬೇಡಿ. ಈ ವಿದ್ಯೆಯನ್ನು ನಾನು ಕಲಿತದ್ದು ಸುಲಭಕ್ಕಲ್ಲ, ಕಲಿಯಬೇಕಾದ ಹೊತ್ತಿಗೂ ಅಲ್ಲ.

ಮಕ್ಕಳನ್ನು ಮಲಗಿಸುವುದರಲ್ಲಿ ನನಗಿದ್ದ ಪೂರ್ವಾನುಭವವೆಂದರೆ ನನ್ನ ತಮ್ಮನದು. ಅವನು ಹುಟ್ಟಿದಾಗ ನನಗೆ ಏಳು ವರ್ಷ. ನಡುಮನೆಯ ತೊಲೆಗೆ ಅಮ್ಮನ ಹಳೇ ಸೀರೆಯ ಜೋಲಿ ಕಟ್ಟಿ, ಅದಕ್ಕೊಂದು ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ನನ್ನ ಕಾಲಿನ ಹೆಬ್ಬೆರಳಿಗೆ ಸುತ್ತಿ, ಕೈಗೆ ಮಗ್ಗಿ ಪುಸ್ತಕ ಕೊಟ್ಟು ಅಮ್ಮ ಅಡುಗೆಮನೆಗೆ ಹೋಗುತ್ತಿದ್ದಳು. ನಾನು ಕಾಲಾಡಿಸುತ್ತಾ ಮಗ್ಗಿ ಹೇಳಬೇಕು. ಹದಿಮೂರರ ಮಗ್ಗಿಗೆ ತಮ್ಮ ನಿದ್ದೆ ಹೋಗುತ್ತಿದ್ದ. ಹದಿನೇಳರಲ್ಲಿ ನಾನು ತಪ್ಪುತ್ತಿದ್ದೆ, ಕಾಲು ನಿಲ್ಲುತ್ತಿತ್ತು, ಅವನು ಎದ್ದು ಕಿರುಚುತ್ತಿದ್ದ. ಇವತ್ತಿಗೂ ಯಾರಾದರೂ ಹದಿನೇಳೆಂಟಲ ಎಷ್ಟು ಎಂದು ಕೇಳಿದರೆ ನನಗೆ ಹೆಬ್ಬೆರಳು ಸೆಳೆಯುತ್ತದೆ. ಇಷ್ಟೇ ಬಂಡವಾಳದ ಮೇಲೆ, ಮಕ್ಕಳೆಂದರೆ ನನಗೆ ಗೊತ್ತು ಎಂದುಕೊಂಡು ನಾನು ಅಪ್ಪನಾದೆ.

ಈಗ ನನ್ನ ಮಗಳು ಮೂರನೇ ಕ್ಲಾಸು. ಅವಳಿಗೆ ಇಂಚರ ಎಂದು ಹೆಸರಿಟ್ಟವನು ನಾನೇ. ಇಂಪಾದ ದನಿ ಎಂದು ಅರ್ಥ. ಇಡುವ ಮುಂಚೆ ಒಂದು ತಿಂಗಳು ಕಾಯಬೇಕಿತ್ತು. ಏಕೆಂದರೆ ಹೆಸರಿಟ್ಟ ಹತ್ತು ದಿನಕ್ಕೇ ಅವಳ ದನಿ ಎಂಥದ್ದೆಂದು ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ರಸ್ತೆಗೆಲ್ಲ ತಿಳಿದುಹೋಯಿತು.

ದಿನವೂ ಸಂಜೆ ಐದೂವರೆಗೆ ಶುರು. ಹಗಲೆಲ್ಲ ಹಾಲು ಕುಡಿದು, ಮಲಗಿ, ನಿದ್ದೆಯಲ್ಲಿ ನಕ್ಕು, ಎಲ್ಲರ ಮಕ್ಕಳ ಹಾಗೆಯೇ ಇರುತ್ತಿದ್ದವಳು ಐದೂವರೆಗೆ ಸರಿಯಾಗಿ ಕಾಲು ಹೊಟ್ಟೆಗೆ ಮಡಚಿ, ಮುಷ್ಟಿ ಬಿಗಿದು, ಮುಖವನ್ನು ಬೀಟ್‌ರೂಟಿನ ಬಣ್ಣ ಮಾಡಿಕೊಂಡು ಅಳತೊಡಗುತ್ತಿದ್ದಳು. ಅದು ಹಸಿವಿನ ಅಳುವಲ್ಲ, ಹಾಲು ಕೊಟ್ಟರೆ ಬಾಯಿ ತಿರುಗಿಸುತ್ತಿದ್ದಳು. ಒದ್ದೆಯ ಅಳುವಲ್ಲ, ಬಟ್ಟೆ ಬದಲಿಸಿದರೂ ನಿಲ್ಲದು. ನಡುವೆ ಉಸಿರು ಹಿಡಿದು ಒಂದು ಕ್ಷಣ ಸುಮ್ಮನಾಗುತ್ತಿದ್ದಳು. ನಿಂತಿತೇನೋ ಎಂದು ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಮತ್ತೆ ಮೊದಲಿನಿಂದ. ಎಂಟು, ಎಂಟೂವರೆಯ ಹೊತ್ತಿಗೆ, ಯಾರೋ ನಲ್ಲಿ ತಿರುಗಿಸಿದ ಹಾಗೆ ಅಳು ನಿಲ್ಲುತ್ತಿತ್ತು. ಅವಳು ನಿದ್ದೆ ಹೋಗುತ್ತಿದ್ದಳು. ನಾವು ಮಾತ್ರ ನಮ್ಮದೇ ಮನೆಯಲ್ಲಿ ಕಳ್ಳರ ಹಾಗೆ ತುದಿಗಾಲಿನಲ್ಲಿ ಓಡಾಡುತ್ತಿದ್ದೆವು.

ಅಳುವ ಮಗುವಿರುವ ಮನೆಗೆ ಸಲಹೆಯ ಬರವಿಲ್ಲ. ನಾವಿದ್ದದ್ದು ಮಹಡಿಯ ಬಾಡಿಗೆ ಮನೆ. ಕೆಳಗೆ ಮನೆಯ ಒಡತಿ ಸರ್ವಮಂಗಳಮ್ಮ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು, ಒಳ್ಳೆಯ ಜೀವ. ಮೊದಲ ವಾರ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದರು. ಎರಡನೆಯ ವಾರ ಓಮದ ನೀರು. ಮೂರನೆಯ ವಾರ ಬಜೆ ತೇಯ್ದು ತಂದರು. ಎದುರು ಮನೆಯವರು ತೊಟ್ಟಿಲಿನ ದಿಕ್ಕು ಬದಲಿಸಿ ಎಂದರು. ನನ್ನ ವರ್ಕ್‌ಶಾಪಿನ ವೆಲ್ಡರು, "ಮಿಕ್ಸಿ ಹಾಕಿ ಸಾರ್, ಆ ಸದ್ದಿಗೆ ಮಲಗ್ತವೆ" ಎಂದ. ಹಾಕಿದೆ. ಮಲಗಿದಳು! ಮಿಕ್ಸಿ ನಿಲ್ಲಿಸಿದೆ, ಎದ್ದಳು. ಮತ್ತೆ ಹಾಕಿದೆ, ಮಲಗಿದಳು. ಖಾಲಿ ಮಿಕ್ಸಿ ತಿರುಗಿ ತಿರುಗಿ ಕೊನೆಗೆ ಸುಟ್ಟ ವಾಸನೆ ಬಂತು. ಮರುದಿನ ಹೊಸ ಮಿಕ್ಸಿಗೆ ಅವಳು ಸೊಪ್ಪು ಹಾಕಲಿಲ್ಲ.

ಇಷ್ಟು ಹೇಳುವಾಗ ನಗು ಬರುತ್ತದೆ. ಈ ಮೂರು ಗಂಟೆಗಳ ಕಾಲ ಆ ಮಗುವನ್ನು ಎತ್ತಿಕೊಂಡಿದ್ದವರು ಯಾರು ಎಂದು ಹೇಳುವಾಗ ಬರುವುದಿಲ್ಲ.

ನನ್ನ ಹೆಂಡತಿ ಶಶಿಕಲಾ ಭದ್ರಾವತಿಯವಳು. ಅವಳ ಅಪ್ಪ ಅಲ್ಲಿನ ಕಾರ್ಖಾನೆಯಲ್ಲಿದ್ದವರು, ಅವಳು ಕಾಲೇಜಿಗೆ ಹೋಗುವಾಗಲೇ ತೀರಿಕೊಂಡಿದ್ದರು. ಅಮ್ಮ, ಅಂದರೆ ನನ್ನ ಅತ್ತೆ, ಅಲ್ಲೇ ಜನ್ನಾಪುರದ ಒಂದು ವಠಾರದಲ್ಲಿ ಬಾಡಿಗೆಗಿದ್ದುಕೊಂಡು ರವಿಕೆ ಹೊಲಿಯುತ್ತಿದ್ದರು. ಶಶಿ ಬಸುರಿಯೆಂದು ಗೊತ್ತಾದ ದಿನದಿಂದ ಅವರಿಗೆ ಬೇರೆ ಯೋಚನೆಯೇ ಇರಲಿಲ್ಲ. ಬಾಣಂತನ ಅಲ್ಲೇ ಆಗಬೇಕು ಎಂದು ಮಂಚ ಸರಿಸಿ, ಸ್ನಾನದ ಕೋಣೆಗೆ ಹೊಸ ಹಂಡೆ ತರಿಸಿ, ಹಳೇ ಹತ್ತಿ ಸೀರೆಗಳನ್ನು ಒಗೆದು ಮಡಚಿಟ್ಟಿದ್ದರು. ಶಶಿಗೆ ಎಂಟು ತಿಂಗಳು ತುಂಬುತ್ತಿದ್ದಾಗ ಒಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದವರು ಅಲ್ಲೇ ಕುಸಿದರು. ಆಸ್ಪತ್ರೆಗೆ ಸೇರಿಸುವ ಮುಂಚೆಯೇ ಹೋಗಿಬಿಟ್ಟಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಭಾನುವಾರ ನಾನೊಬ್ಬನೇ ಹೋಗಿ ಆ ಮನೆ ಖಾಲಿ ಮಾಡಿದೆ. ತುಂಬು ಬಸುರಿಯನ್ನು ಕರೆದುಕೊಂಡು ಹೋಗುವುದು ಬೇಡ ಎಂದು ಎಲ್ಲರೂ ಅಂದರು, ನನಗೂ ಸರಿಯೆನ್ನಿಸಿತು. ಬೆಳಿಗ್ಗೆ ಹೋದವನು ಮಧ್ಯಾಹ್ನ ಮೂರಕ್ಕೆಲ್ಲ ಸಾಮಾನು ಲಗೇಜು ಆಟೋಗೆ ಹೇರಿ, ಮನೆ ಗುಡಿಸಿ, ಕೀಲಿ ಒಪ್ಪಿಸಿ ಬಂದುಬಿಟ್ಟೆ. ಎಷ್ಟು ಬೇಗ ಮುಗಿಸಿದೆ ನೋಡು ಎಂದು ಶಶಿಯ ಮುಂದೆ ಹೇಳಿಕೊಂಡದ್ದೂ ನೆನಪಿದೆ. ಅವಳು ಹೊಲಿಗೆ ಮಷಿನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಅಡುಗೆಮನೆ ಕಿಟಕೀಲಿ ಒಂದು ಕನ್ನಡಿ ಇತ್ತಲ್ಲ?" ಎಂದು ಕೇಳಿದಳು. ಅದನ್ನು ನಾನು ನೋಡಿಯೇ ಇರಲಿಲ್ಲ.

ಹೆರಿಗೆಯಾದ ಮೇಲೆ ದಾವಣಗೆರೆಯಲ್ಲಿ ತಮ್ಮನ ಮನೆಯಲ್ಲಿದ್ದ ನನ್ನ ಅಮ್ಮ ಬಂದಳು. ಅವಳಿಗೆ ಮಂಡಿ ನೋವು. ನಮ್ಮದು ಮಹಡಿ. ಹೇಗೋ ಒಂದು ತಿಂಗಳು ಮೆಟ್ಟಿಲು ಹತ್ತಿಳಿದು, ಇನ್ನಾಗದು ಎಂದು ಹೊರಟಳು. ಉಳಿದವರು ನಾವು ಮೂವರು. ಹಗಲು ನಾನು ಕೆಲಸಕ್ಕೆ ಹೋದರೆ ಇಬ್ಬರು.

ನಾನು ಕೆಲಸ ಮಾಡುವುದು ಭದ್ರಾವತಿಗೆ ಹೋಗುವ ದಾರಿಯ ಮಾಚೇನಹಳ್ಳಿಯಲ್ಲಿ, ಎರಕದ ಬಿಡಿಭಾಗಗಳನ್ನು ಲೇತಿಗೆ ಹಾಕಿ ನಯ ಮಾಡಿ ಕಳಿಸುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿ. ಸದ್ದು ಕೇಳಿಯೇ ಯಾವ ಮಷಿನ್ನಿನ ಬೇರಿಂಗು ಹೋಗಿದೆ ಎಂದು ಹೇಳುತ್ತೇನೆ ಎಂಬ ಹೆಮ್ಮೆ ನನಗೆ. ಐದಕ್ಕೆ ಕೆಲಸ ಬಿಡುತ್ತದೆ. ಬೈಕಿನಲ್ಲಿ ಹೊರಟರೆ ಐದೂವರೆಗೆ ಮನೆ. ಅಂದರೆ ಸರಿಯಾಗಿ ಮಗಳ ಸಂಗೀತ ಕಛೇರಿ ಶುರುವಾಗುವ ಹೊತ್ತು. ಮೊದಲ ಕೆಲವು ದಿನ ಓಡಿ ಬಂದೆ, ಎತ್ತಿಕೊಂಡೆ, ಕುಣಿದೆ, ಹಾಡಿದೆ. ನನ್ನ ಕೈಗೆ ಬಂದರೆ ಅವಳು ಇನ್ನೂ ಜೋರು ಮಾಡುತ್ತಿದ್ದಳು. "ನನ್ನ ಹತ್ರ ನಿಲ್ಲಲ್ಲ, ನೀನೇ ತಗೋ" ಎಂದು ಶಶಿಯ ಕೈಗೆ ಕೊಟ್ಟೆ. ಮಗು ನನ್ನ ಬಳಿ ಅತ್ತರೆ ಎತ್ತಿಕೊಳ್ಳುವುದು ನನಗೆ ಬರುವುದಿಲ್ಲ ಎಂದಾಯಿತು. ಶಶಿಯ ಬಳಿ ಅತ್ತರೆ ಮಗುವೆಂದರೆ ಅಳುವುದೇ ಎಂದಾಯಿತು. ಈ ನ್ಯಾಯವನ್ನು ಕಂಡುಹಿಡಿದವನು ನಾನೇ.

ಆಮೇಲೆ ಒಂದು ದಿನ ಐದು ಗಂಟೆಗೆ ಫೋನ್ ಮಾಡಿ, "ಮಷಿನ್ ಕೆಟ್ಟಿದೆ, ಲೇಟಾಗುತ್ತೆ" ಎಂದೆ. ಮಷಿನ್ ಕೆಟ್ಟಿರಲಿಲ್ಲ. ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ಕೂತೆ. ಎಂಟು ಗಂಟೆಗೆ ಮನೆಗೆ ಹೋದೆ. ಶಶಿ, "ಸರಿಹೋಯ್ತಾ?" ಎಂದಳು. ಮಗುವೇನೋ ಎಂದುಕೊಂಡು "ನೀನೇ ಹೇಳಬೇಕು" ಎಂದೆ. ಅವಳು ಕೇಳಿದ್ದು ಮಷಿನ್ನಿನ ವಿಷಯ. ಅಲ್ಲಿಂದ ಹದಿನೈದು ದಿನಗಳಲ್ಲಿ ನಾನು ಒಂಬತ್ತು ಮಷಿನ್ ಕೆಡಿಸಿದೆ. ನಮ್ಮಲ್ಲಿ ಇದ್ದದ್ದೇ ನಾಲ್ಕು.

ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಲು ಮಕ್ಕಳ ಡಾಕ್ಟರ ಬಳಿಗೆ ಹೋದೆವು. ವಯಸ್ಸಾದವರು, ನಿಧಾನದ ಮನುಷ್ಯ. ಮಗುವನ್ನು ತಿರುಗಿಸಿ ಮುರುಗಿಸಿ ನೋಡಿ, ತೂಕ ಚೆನ್ನಾಗಿದೆ, ಜ್ವರವಿಲ್ಲ, ಹೊಟ್ಟೆ ಮೆತ್ತಗಿದೆ, ಕೆಲವು ಮಕ್ಕಳು ಹೀಗೆಯೇ ಸಂಜೆ ಹೊತ್ತು ಅಳುತ್ತವೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಕಡಿಮೆಯಾಗುತ್ತದೆ ಎಂದರು. ಶಶಿ ಮಗುವನ್ನು ಎತ್ತಿಕೊಂಡು ನರ್ಸಿನ ಹಿಂದೆ ಸೂಜಿಯ ಕೋಣೆಗೆ ಹೋದಳು. ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ತಾಯಿ ಹೇಗಿದಾರೆ?"

"ಆರಾಮಾಗಿದಾಳೆ ಸಾರ್."

"ನಿದ್ದೆ ಮಾಡ್ತಾರಾ? ಊಟ? ಮಾತುಕತೆ?"

"ಎಲ್ಲ ಆರಾಮ ಸಾರ್."

"ಒಬ್ಬರೇ ಎತ್ಕೊಂಡು ಕೂತ್ರೆ ಯಾರಿಗಾದ್ರೂ ತಲೆ ಕೆಡುತ್ತೆ. ಇಬ್ರೂ ಸರದಿ ಮಾಡ್ಕೊಳ್ಳಿ. ತಡಿಯೋಕಾಗ್ಲಿಲ್ಲ ಅಂದ್ರೆ ಮಗೂನ ಹಾಸಿಗೇಲಿ ಜೋಪಾನವಾಗಿ ಮಲಗಿಸಿ ಐದು ನಿಮಿಷ ಬಾಗಿಲಾಚೆ ನಿಂತ್ಕೊಳ್ಳಿ. ಅದೇನೂ ಪಾಪ ಅಲ್ಲ. ಅವರಿಗೂ ಹೇಳಿ."

ನಾನು ಅವಳಿಗೆ ಹೇಳಿದ್ದು ಒಂದೇ, "ಮೂರು ತಿಂಗಳಿಗೆ ನಿಲ್ಲುತ್ತಂತೆ." ಸರದಿಯ ಮಾತನ್ನು ನುಂಗಿದೆ. ಅವಳು ಹೇಗಿದ್ದಾಳೆ ಎಂಬುದಕ್ಕೆ ನಾನು ಕೊಟ್ಟ ಉತ್ತರ ಸುಳ್ಳೆಂದು ನನಗೆ ಗೊತ್ತಿತ್ತು. ಅವಳು ತಲೆ ಬಾಚಿ ನಾಲ್ಕು ದಿನವಾಗಿತ್ತು. ತಟ್ಟೆಗೆ ಹಾಕಿಕೊಂಡ ಅನ್ನವನ್ನು ನೋಡುತ್ತಾ ಕೂರುತ್ತಿದ್ದಳು. ಮಗು ಮಲಗಿದ ಮೇಲೂ ಮಲಗದೆ, ಅದು ಮತ್ತೆ ಯಾವಾಗ ಅಳುತ್ತದೋ ಎಂದು ಗೋಡೆಗೊರಗಿ ಕಾಯುತ್ತಿದ್ದಳು. ಹೊರಗೆ ಸ್ಕೂಟರಿನ ಹಾರ್ನ್ ಕೇಳಿದರೂ ಬೆಚ್ಚುತ್ತಿದ್ದಳು. ಇದೆಲ್ಲ ನಾನು ಕಂಡಿದ್ದೆ. ಕಂಡದ್ದನ್ನು ಹೇಳಿದರೆ ಏನಾದರೂ ಮಾಡಬೇಕಾಗುತ್ತಿತ್ತು.

ಅದಾಗಿ ಎರಡು ವಾರಕ್ಕೆ, ಒಂದು ಗುರುವಾರ. ಐದು ಗಂಟೆಗೆ ಎಂದಿನಂತೆ ಮಷಿನ್ ಕೆಡಿಸಲು ಫೋನ್ ಮಾಡಿದೆ. ಶಶಿ ಎತ್ತಲಿಲ್ಲ. ಮಗುವಿನ ಜೊತೆ ಇರುತ್ತಾಳೆ ಎಂದುಕೊಂಡು ಟೀ ಅಂಗಡಿಯ ಬೆಂಚಿನಲ್ಲಿ ಕೂತೆ. ವೆಲ್ಡರು ಏನೋ ತಮಾಷೆ ಹೇಳುತ್ತಿದ್ದ, ಎಲ್ಲರೂ ನಗುತ್ತಿದ್ದೆವು. ಆರು ಗಂಟೆಯ ಸುಮಾರಿಗೆ ಸರ್ವಮಂಗಳಮ್ಮನ ಫೋನ್ ಬಂತು. ಹಿಂದೆ ಮಗುವಿನ ಅಳು.

"ಚಂದ್ರೂ, ಎಲ್ಲಿದೀಯಪ್ಪ? ಶಶಿ ಐದು ಗಂಟೆಗೆ ಮುಂಚೆನೇ ಮಗೂನ ನನ್ನ ಕೈಗೆ ಕೊಟ್ಟು, ಸೊಪ್ಪು ತಗೊಂಡು ಬರ್ತೀನಿ ಅಂತ ಹೋದವಳು ಇನ್ನೂ ಬಂದಿಲ್ಲ ಮಾರಾಯ. ಫೋನ್ ಮನೇಲೇ ಹೊಡ್ಕೊಳ್ತಾ ಇದೆ."

ಬೈಕು ಹೇಗೆ ಓಡಿಸಿದೆನೋ ತಿಳಿಯದು. ಸರ್ವಮಂಗಳಮ್ಮ ಗೇಟಿನಲ್ಲೇ ನಿಂತಿದ್ದರು. ಸೊಪ್ಪಿನವಳನ್ನು, ಮೆಡಿಕಲ್ ಶಾಪಿನವನನ್ನು, ಬಸ್ ಸ್ಟಾಪಿನ ಹತ್ತಿರದ ಹೂವಿನವಳನ್ನು ಅವರು ಆಗಲೇ ವಿಚಾರಿಸಿದ್ದರು. ಹೂವಿನವಳು, ಅವಳು ಬಸ್ಸು ಹತ್ತಿದ್ದನ್ನು ನೋಡಿದೆ ಎಂದಿದ್ದಳು. ಶಿವಮೊಗ್ಗದಲ್ಲಿ ತುಂಗೆಯಿದೆ, ಭದ್ರಾವತಿಯಲ್ಲಿ ಭದ್ರೆಯಿದೆ. ಆಗ ನನ್ನ ತಲೆಗೆ ಬಂದದ್ದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

"ಅಮ್ಮನ ಮನೆಗೆ ಹೋಗಿರ್ತಾಳೆ ಕಣಪ್ಪ" ಎಂದರು ಸರ್ವಮಂಗಳಮ್ಮ.

"ಎಲ್ಲಿದೆಯಮ್ಮ ಅಮ್ಮನ ಮನೆ? ನಾನೇ ಖಾಲಿ ಮಾಡಿ ಬಂದಿದೀನಲ್ಲ."

"ನೀನು ಮಾಡಿ ಬಂದೆ. ಅವಳು ಎಲ್ಲಿ ನೋಡಿದಾಳೆ? ಹೋಗು, ಮಗೂನೂ ಕರ್ಕೊಂಡು ಹೋಗು. ಹಸಿದಿದೆ. ಇಲ್ಲಿಗೇ ಬಂದ್ರೆ ನಾನಿದೀನಿ, ಫೋನ್ ಮಾಡ್ತೀನಿ."

ಆಟೋ ಹತ್ತಿದೆ. ಎರಡು ತಿಂಗಳ ಮಗುವಿನ ಜೊತೆ ನಾನೊಬ್ಬನೇ ಇದ್ದದ್ದು ಅದೇ ಮೊದಲು. ಹೊರಟಾಗಿನಿಂದ ಅವಳು ಅಳುತ್ತಲೇ ಇದ್ದಳು. ನನಗೆ ತಿಳಿದಿದ್ದನ್ನೆಲ್ಲ ಮಾಡಿದೆ. ಕುಲುಕಿದೆ, ಲೊಚಗುಟ್ಟಿದೆ, "ಬಂದ್ಬಿಡ್ತು ಬಂದ್ಬಿಡ್ತು" ಎಂದೆ. ಆಟೋದವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಗಡ್ಡ ನೆರೆತ ಸಾಬರು. ಊರು ದಾಟಿದ ಮೇಲೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದರು.

"ಸಾರ್, ಬೇಜಾರ್ ಮಾಡ್ಕೋಬೇಡಿ. ಹಂಗೆ ಬಿಗಿ ಹಿಡಿದ್ರೆ ನಾನೂ ಅಳ್ತೀನಿ. ಹೆದರಿದೀರಿ ನೀವು. ನಿಮ್ ಎದೆ ಡವಡವ ಅನ್ನೋದು ಅದಕ್ಕೆ ಗೊತ್ತಾಗುತ್ತೆ. ಭುಜದ ಮೇಲೆ ಹಾಕ್ಕೊಳ್ಳಿ. ಹಾಂ, ಕುತ್ತಿಗೆಗೆ ಕೈ ಕೊಡಿ. ಈಗ ಬೆನ್ನು ತಟ್ಟಿ, ಆರಾಮ್ ಸೇ."

ತಟ್ಟಿದೆ. ಅಳು ನಿಲ್ಲಲಿಲ್ಲ. ಆದರೆ ಕಿವಿಗೆ ಅಷ್ಟು ಹತ್ತಿರದಲ್ಲಿ ಅದನ್ನು ಕೇಳಿದಾಗ, ಅದೊಂದೇ ಸದ್ದಲ್ಲ ಎಂದು ತಿಳಿಯಿತು. ಮೊದಲು ಸಣ್ಣದಾಗಿ ಕೇಳುವಂತೆ ಒಂದು ದನಿ, ಆಮೇಲೆ ಏರುವುದು, ಏರಿ ಒಡೆಯುವುದು, ಕೊನೆಗೆ ಸುಸ್ತಾಗಿ ಮೂರು ಬಿಕ್ಕು. ಬಿಕ್ಕುವಾಗ ಅವಳ ಇಡೀ ಮೈ ನನ್ನ ಅಂಗೈಯೊಳಗೆ ನಡುಗುತ್ತಿತ್ತು. ಅಷ್ಟು ಸಣ್ಣ ಬೆನ್ನು. ಇಷ್ಟು ದಿನ ಗೇಟಿನಾಚೆ ಕೂತು ನಾನು ಹೆದರಿದ್ದು ಇಷ್ಟಕ್ಕೆ.

ಜನ್ನಾಪುರದ ವಠಾರ ತಲುಪಿದಾಗ ಬೀದಿದೀಪ ಹತ್ತಿತ್ತು. ಅತ್ತೆಯ ಮನೆಯ ಬಾಗಿಲಲ್ಲಿ ಹೊಸದೊಂದು ರಂಗೋಲಿ. ಪಕ್ಕದ ಜಗಲಿಯ ಮೇಲೆ ಶಶಿ ಕೂತಿದ್ದಳು. ಮನೆಯಲ್ಲಿ ತೊಡುವ ನೈಟಿಯ ಮೇಲೆ ಒಂದು ಟವೆಲ್ ಹೊದ್ದಿದ್ದಳು. ಎದುರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಕೆನೆಗಟ್ಟಿತ್ತು. ಪಕ್ಕದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು, ಈಗ ಆ ಮನೆಯಲ್ಲಿರುವ ಸೆಲ್ವಿಯಮ್ಮ.

"ಬಾ ತಂಬಿ" ಎಂದರು ತಮಿಳು ಬೆರೆತ ಕನ್ನಡದಲ್ಲಿ, ನನ್ನನ್ನು ಮೊದಲೇ ಬಲ್ಲವರ ಹಾಗೆ. "ಯಾರಮ್ಮ ನೀನು ಅಂದ್ರೆ, ಇದು ನಮ್ಮಮ್ಮನ ಮನೆ ಅಂತು. ಒಳಗೆ ಬಾ ಅಂದೆ. ಬರಲ್ಲ. ಹೋಗೋದೂ ಇಲ್ಲ. ಒಂದ್ ಗಂಟೆ ಆಯ್ತು."

ಮಗು ಅಳುತ್ತಲೇ ಇತ್ತು. ಆ ದನಿ ಕೇಳಿದ್ದೇ ಶಶಿಯ ನೈಟಿಯ ಎದೆಭಾಗ ಹಾಲಿನಿಂದ ಒದ್ದೆಯಾಯಿತು. ಆದರೆ ಅವಳು ಕೈ ಚಾಚಲಿಲ್ಲ. ಯಾರದೋ ಮಗುವನ್ನು ನೋಡುವ ಹಾಗೆ ನೋಡಿದಳು. ಅಳುವಿಗಿಂತ ಸಾವಿರ ಪಾಲು ಹೆದರಿಕೆಯಾದದ್ದು ನನಗೆ ಆ ನೋಟದಿಂದ.

"ಶಶಿ, ಯಾಕೆ ಹೀಗೆ ಬಂದೆ? ಎಷ್ಟು ಗಾಬರಿಯಾಯ್ತು ಗೊತ್ತಾ? ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂದ್ಕೊಂಡೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಮಾಚೇನಹಳ್ಳೀಲಿ ಇಳಿದು ನಿಮ್ಮ ಹತ್ರ ಬರೋಣ ಅಂತಾನೇ ಬಸ್ಸು ಹತ್ತಿದ್ದು. ಬಸ್ಸು ನಿಂತಾಗ ಕಿಟಕಿಯಿಂದ ನೋಡಿದೆ. ನೀವು ಟೀ ಕುಡೀತಾ ನಗ್ತಾ ಇದ್ರಿ. ಎಷ್ಟು ದಿನ ಆಗಿತ್ತು ನಿಮ್ಮ ನಗು ನೋಡಿ. ಇಳೀಬೇಕು ಅನ್ನಿಸಲಿಲ್ಲ ರೀ. ಕಂಡಕ್ಟರು ಎಲ್ಲಿಗಮ್ಮ ಅಂದ. ಭದ್ರಾವತಿ ಅಂದೆ."

ನನಗೆ ಹೇಳಲು ಒಂದು ಮಷಿನ್ ಕೂಡ ಸಿಗಲಿಲ್ಲ.

ಸೆಲ್ವಿಯಮ್ಮ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು ಸೀದಾ ಶಶಿಯ ಮಡಿಲಿಗೆ ಇಟ್ಟರು. "ಹಾಲ್ ಮಾತ್ರ ಕೊಡಮ್ಮ ಕಣ್ಣು. ಮಿಕ್ಕಿದ್ದು ಏನೂ ಮಾಡಬೇಡ. ನಾನ್ ಹಿಡ್ಕೊಂಡಿರ್ತೀನಿ" ಎಂದು ತಾವೇ ಮಗುವಿನ ತಲೆಗೆ ಕೈಯೊಡ್ಡಿ ಕೂತರು. ಮಗು ಕುಡಿಯಿತು. ಕುಡಿದು ಮುಗಿದ ಮೇಲೆ ಅವರು ಅದನ್ನು ಮತ್ತೆ ನನ್ನ ಭುಜಕ್ಕೆ ಹಾಕಿ, ಶಶಿಯ ತೋಳು ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದರು. ಈ ಸಲ ಅವಳು ಹೋದಳು. ಬಾಗಿಲಿನಿಂದ ನೋಡಿದೆ. ನಡುಮನೆಯಲ್ಲಿ ಬೇರೆ ದೇವರ ಪಟ, ಬೇರೆ ಟೀವಿ, ಬೇರೆ ಬಣ್ಣ. ಶಶಿ ಒಂದು ಸುತ್ತು ಎಲ್ಲವನ್ನೂ ನೋಡಿದಳು. ಅಡುಗೆಮನೆಯ ಬಾಗಿಲ ಬಳಿ ಸೆಲ್ವಿಯಮ್ಮ ಹಾಸಿದ ಚಾಪೆಯ ಮೇಲೆ ಮೈಯೊಡ್ಡಿದಳು. ತಲೆ ಊರಿದ್ದೊಂದೇ ನೆನಪಿರಬೇಕು ಅವಳಿಗೆ.

ನಾನು ಜಗಲಿಯಲ್ಲಿ ಉಳಿದೆ. ಹಾಲು ಕುಡಿದ ಸಮಾಧಾನ ಹತ್ತು ನಿಮಿಷವೂ ಇರಲಿಲ್ಲ, ಮಗು ಮತ್ತೆ ಶುರುಮಾಡಿತು. ಶಶಿಗೆ ಎಚ್ಚರವಾದೀತೆಂದು ನಾನು ಚಡಪಡಿಸಿದೆ. "ಏನು ಮಾಡಿದ್ರೂ ನಿಲ್ಲಿಸೋಕಾಗಲ್ಲಮ್ಮ ನನಗೆ" ಎಂದೆ ಸೆಲ್ವಿಯಮ್ಮನಿಗೆ. ಅವರು ಬಾಗಿಲು ಮುಂದೆ ಮಾಡಿ ಬಂದು ಪಕ್ಕದಲ್ಲಿ ಕೂತರು.

"ನಿಲ್ಲಿಸು ಅಂತ ಯಾರ್ ಹೇಳಿದ್ರು ನಿನಗೆ? ಅಳಲಿ. ನಾಲ್ಕು ಹೆತ್ತಿದೀನಿ ನಾನು. ಮೂರನೇದು ಹಿಂಗೇ ಇತ್ತು. ನನ್ ಗಂಡ ಎದ್ದು ಆಚೆ ಹೋಗ್ತಿದ್ದ. ನೀ ಹೋಗಬೇಡ, ಹಿಡ್ಕೊಂಡು ಕೂತ್ಕೋ. ಅಷ್ಟೇ ನಿನ್ ಕೆಲಸ."

ಹಿಡಿದುಕೊಂಡು ಕೂತೆ. ವಠಾರದವರು ಬಂದರು, ನೋಡಿದರು, ಹೋದರು. ಆಟೋದವರು ಗಾಡಿಯಲ್ಲೇ ಕಾಲು ಚಾಚಿ ಕಾದರು. ಎಂಟೂವರೆಗೆ, ಅವಳ ಹೊತ್ತಿಗೆ, ಅಳು ನಿಂತಿತು. ನಾನೇನೂ ಮಾಡಿರಲಿಲ್ಲ, ಎದ್ದು ಹೋಗಿರಲಿಲ್ಲ ಅಷ್ಟೇ. ಶಶಿ ಎರಡು ಗಂಟೆಯ ಕಾಲ ಕದಲದೆ ಮಲಗಿದ್ದಳು.

ಮರುದಿನ ರಜೆ ಹಾಕಿ ಡಾಕ್ಟರ ಮುಂದೆ ಒಬ್ಬನೇ ಕೂತು ಎಲ್ಲವನ್ನೂ ಹೇಳಿದೆ. ಮೊದಲ ಸಲ ಹೇಳಿದ್ದು ಸುಳ್ಳು ಎಂದೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆತ್ತ ಮೇಲೆ ಕೆಲವರಿಗೆ ಹೀಗೆ ಮನಸ್ಸು ಕುಸಿಯುತ್ತದೆ, ಇದು ಕಾಯಿಲೆ, ಸೋಮಾರಿತನವಲ್ಲ, ಗುಣವಾಗುತ್ತದೆ ಎಂದು ಹೇಳಿ, ಮನಸ್ಸಿನ ಡಾಕ್ಟರೊಬ್ಬರಿಗೆ ಚೀಟಿ ಬರೆದುಕೊಟ್ಟರು. ಆಕೆ ಶಶಿಯನ್ನು ಒಂದು ಗಂಟೆ ಮಾತಾಡಿಸಿದರು, ಮಾತ್ರೆ ಕೊಟ್ಟರು, ಅದಕ್ಕಿಂತ ಮುಖ್ಯವಾಗಿ ನಿದ್ದೆ ಬರೆದುಕೊಟ್ಟರು. ನಾನು ಮಾಲೀಕರಿಗೆ ಇದ್ದದ್ದು ಇದ್ದಂತೆ ಹೇಳಿ ನಾಲ್ಕೂವರೆಗೇ ಮನೆಗೆ ಬರತೊಡಗಿದೆ. ಐದೂವರೆಯಿಂದ ಎಂಟೂವರೆ ನನ್ನ ಪಾಳಿ. ಶಶಿ ಕೆಳಗೆ ಸರ್ವಮಂಗಳಮ್ಮನ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು.

ಆ ಪಾಳಿಯಲ್ಲಿ ನಾನು ಮಹಾ ಜ್ಞಾನಿಯಾದೆ ಎಂದುಕೊಳ್ಳಬೇಡಿ. ಮಂಗಳವಾರ ಫಲಿಸಿದ ಉಪಾಯ ಬುಧವಾರ ಕೈಕೊಡುತ್ತಿತ್ತು. ಒಂದು ದಿನ ಟೆರೇಸಿನ ಗಾಳಿ, ಒಂದು ದಿನ ಬಚ್ಚಲಿನ ನಲ್ಲಿಯ ಸದ್ದು, ಇನ್ನೊಂದು ದಿನ ರಾಗಿಗುಡ್ಡದ ಕಡೆಗೆ ನಿಧಾನ ನಡಿಗೆ. ದಾರಿಯಲ್ಲಿ ಸಿಕ್ಕವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ಪಾಪ ಎಂದದ್ದು ಮಗುವಿಗೋ ನನಗೋ ನಾನು ಕೇಳಲಿಲ್ಲ. ಹೆಚ್ಚಿನ ದಿನ ಯಾವುದೂ ಫಲಿಸುತ್ತಿರಲಿಲ್ಲ. ಆಗ ಸುಮ್ಮನೆ ಬೆನ್ನು ತಟ್ಟುವುದು. ಮೂರು ಸಲ ಹಗುರ, ಒಂದು ಸಲ ಕೊಂಚ ಒತ್ತಿ.

ಶಶಿ ಬೇಗ ಸರಿಹೋದಳು ಎಂದು ಬರೆಯುವ ಆಸೆ. ಹಾಗಾಗಲಿಲ್ಲ. ತಲೆ ಬಾಚಿಕೊಂಡಳು, ಊಟ ಮಾಡಿದಳು, ಮಗುವಿಗೆ ನೀರು ಹಾಕುವಾಗ ಒಮ್ಮೆ ಮೆಲ್ಲಗೆ ಏನೋ ಗುನುಗಿದಳು. ನನ್ನ ಜೊತೆ ಮಾತ್ರ ಬೇಕಾದಷ್ಟೇ ಮಾತು. ಬಸ್ಸಿನ ಕಿಟಕಿಯ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ. ಎತ್ತಿ ಜಗಳವಾಡಿದ್ದರೆ ನಾನು ಕ್ಷಮೆ ಕೇಳಿ ಹಗುರಾಗುತ್ತಿದ್ದೆ. ಆ ಅನುಕೂಲ ನನಗೆ ಸಿಗಲಿಲ್ಲ. ಒಂದು ಸಂಜೆ ನಾನಾಗಿಯೇ, "ಅವತ್ತು ತಪ್ಪಾಯ್ತು ಶಶಿ" ಎಂದೆ. ಅವಳು ಮಗುವಿನ ಬಟ್ಟೆ ಮಡಚುತ್ತಾ, "ಹೂಂ" ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ. ಅದು ಸರಿಯೇ.

ಮಗುವಿಗೆ ನಾಲ್ಕು ತಿಂಗಳಾಗುತ್ತಿದ್ದಾಗ ಒಂದು ಸಂಜೆ ಐದೂವರೆಯಾಯಿತು, ಆರಾಯಿತು. ಅಳುವಿಲ್ಲ. ಇಂಚರ ನನ್ನ ತೊಡೆಯ ಮೇಲೆ ಮಲಗಿಕೊಂಡು ತನ್ನ ಮುಷ್ಟಿಯನ್ನು ತಾನೇ ನೋಡುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆರೂವರೆಗೆ ಶಶಿ ಕೆಳಗಿನಿಂದ ಮೆಟ್ಟಿಲು ಹತ್ತಿ ಓಡಿ ಬಂದಳು. ಸದ್ದಿಲ್ಲದಿದ್ದುದಕ್ಕೇ ಅವಳಿಗೆ ಎಚ್ಚರವಾಗಿತ್ತು. "ಏನಾಯ್ತು? ಮಗು ಎಲ್ಲಿ?" ನಾನು ತೋರಿಸಿದೆ. ಅವಳು ಬಾಗಿ ನೋಡಿದಳು. ಮಗು ಅವಳ ಮುಖ ಕಂಡು ಬಾಯಗಲಿಸಿ ನಕ್ಕಿತು.

ಶಶಿ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅಳತೊಡಗಿದಳು.

ಸಂತೋಷಕ್ಕೆ ಎಂದುಕೊಂಡೆ. ಅಲ್ಲ. ಅಂಥ ಅಳು ನಾನು ಹಿಂದೆ ಕೇಳಿರಲಿಲ್ಲ. ಹೊಟ್ಟೆಯೊಳಗಿಂದ ಬರುವುದು, ಏರುವುದು, ಒಡೆಯುವುದು. "ಅಮ್ಮ, ಅಮ್ಮ" ಎನ್ನುತ್ತಿದ್ದಳು. ಅತ್ತೆ ಸತ್ತ ದಿನ ಅವಳು ಅತ್ತಿರಲಿಲ್ಲ. ಅಳಲು ಬಿಟ್ಟಿರಲಿಲ್ಲ ಎನ್ನಬೇಕು. ಹೊಟ್ಟೆಯಲ್ಲಿ ಕೂಸಿದೆ, ಅಳಬಾರದು ಎಂದು ಬಂದವರೆಲ್ಲ ಕಣ್ಣು ಒರೆಸಿದ್ದೇ ಒರೆಸಿದ್ದು. ನಾನೂ ಒರೆಸಿದ್ದೆ. ಆಮೇಲೆ ಕೂಸು ಹುಟ್ಟಿತು, ಕೂಸಿನ ಅಳು ಶುರುವಾಯಿತು, ಇವಳ ಸರದಿ ಬರಲೇ ಇಲ್ಲ.

ಕೆಳಗಿನಿಂದ ಸರ್ವಮಂಗಳಮ್ಮ ಓಡಿ ಬಂದು ಬಾಗಿಲಲ್ಲಿ ನಿಂತರು. ನಾನು ಬೇಡವೆಂದು ತಲೆಯಾಡಿಸಿದೆ. ಅವರು ಬಾಗಿಲು ಎಳೆದುಕೊಂಡು ಇಳಿದು ಹೋದರು. ಮಗುವನ್ನು ಒಂದು ಭುಜಕ್ಕೆ ಹಾಕಿಕೊಂಡು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವಳು ನನ್ನ ಇನ್ನೊಂದು ಭುಜಕ್ಕೆ ಒರಗಲಿಲ್ಲ. ಗೋಡೆಗೆ ಒರಗಿದಳು. ಅಳುತ್ತಲೇ ಇದ್ದಳು. ನಾನು ಎದ್ದು ಹೋಗಲಿಲ್ಲ.

ಬಹಳ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ತಾನಾಗಿಯೇ ಮಾತಾಡಿದಳು.

"ಅವತ್ತು ಬೆಳಿಗ್ಗೆ ಅಮ್ಮ ಫೋನ್ ಮಾಡಿದ್ಲು ರೀ. ಬಾಗಿಲಿಗೆ ನೀರು ಹಾಕೋಕೆ ಮುಂಚೆ. ಮಗು ಒದೀತಾ ಅಂದ್ಲು. ಒದೀತು ಅಂದೆ. ಫೋನು ಹೊಟ್ಟೆಗೆ ಹಿಡಿ, ನಾನು ಅದರ ಹತ್ರ ಒಂದು ಮಾತಾಡಬೇಕು ಅಂದ್ಲು. ನಿನಗೇನು ಹುಚ್ಚಾ ಅಂತ ನಕ್ಕೆ. ಹಿಡಿಯೇ ಅಂದ್ಲು. ಹಿಡಿದೆ. ಏನೋ ಹೇಳಿದ್ಲು, ತುಂಬಾ ಹೊತ್ತು ಹೇಳಿದ್ಲು. ನನಗೆ ಬರೀ ಗುಜುಗುಜು ಅಂತ ಕೇಳ್ತಿತ್ತು. ಫೋನು ಕಿವಿಗಿಟ್ಟಾಗ ಕಟ್ಟಾಗಿತ್ತು. ಸಾಯಂಕಾಲ ಕೇಳೋಣ, ಏನಂದೆ ಅಂತ, ಅಂದ್ಕೊಂಡೆ."

ಅವಳು ಕೈ ಚಾಚಿ, ನನ್ನ ಭುಜದಿಂದ ಮಗುವನ್ನು ತೆಗೆದುಕೊಂಡು ಎದೆಗೊತ್ತಿಕೊಂಡಳು.

"ಇವಳಿಗೆ ಹೇಳಿರೋದು. ಇವಳಿಗೊಬ್ಬಳಿಗೇ ಕೇಳಿರೋದು."